ಮುಂಜಾನೆಯ ಎರಡು ತಾಸು ಓಣಿ ನಡೆಯುವವರಿಗಿರಲಿ

ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು, ನಿದ್ರಾಹೀನತೆ, ಇವುಗಳಲ್ಲಿ ಯಾವ ಕಾರಣಕ್ಕೆ ವೈದ್ಯರ ಬಳಿಗೆ ಹೋದರೂ ಔಷಧದ ಚೀಟಿಯ ಜೊತೆಗೆ ಒಂದು ಮಾತು ತಪ್ಪದೆ ಬರುತ್ತದೆ: ದಿನಾಲು ಅರ್ಧ ತಾಸು ನಡೆಯಿರಿ. ಈ ಔಷಧಕ್ಕೆ ಬೆಲೆ ಇಲ್ಲ, ಅಂಗಡಿಯ ಮುಂದೆ ಸಾಲುಗಟ್ಟಿ ನಿಲ್ಲಬೇಕಾಗಿಲ್ಲ. ಆದರೂ ನಮ್ಮ ಭಾಗದ ಬಹುತೇಕ ಮನೆಗಳಲ್ಲಿ ಸೇವಿಸದೆ ಉಳಿಯುವ ಔಷಧವೂ ಇದೇ. ಸೋಮಾರಿತನವೇ ಇದಕ್ಕೆ ಕಾರಣವೆಂದು ಹೇಳಿ ಸುಮ್ಮನಾಗುವುದು ಸುಲಭ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ಪಟ್ಟಣಗಳಲ್ಲಿ ಅರವತ್ತು ದಾಟಿದ ತಾಯಿಯೊಬ್ಬಳು ಈ ಸಲಹೆಯನ್ನು ಪಾಲಿಸಲು ಹೊರಟರೆ ಅವಳ ಮುಂದೆ ನಿಲ್ಲುವ ಮೊದಲ ಪ್ರಶ್ನೆ ಮಾತ್ರ ಬೇರೆ: ಎಲ್ಲಿ ನಡೆಯಬೇಕು?

ಮನೆಯ ಹೊಸ್ತಿಲು ದಾಟಿದರೆ ಓಣಿ. ಓಣಿಯ ಎರಡೂ ಬದಿಗೆ ಗಟಾರು, ನಿಂತ ಬೈಕುಗಳು, ಮರಳು-ಜಲ್ಲಿಯ ಗುಡ್ಡೆ. ಉಳಿದ ನಡುವಿನ ಜಾಗದಲ್ಲಿ ಬೈಕು, ಟಂಟಂ, ಟ್ರ್ಯಾಕ್ಟರ್. ಪಾದಚಾರಿ ಮಾರ್ಗವೆಂಬುದು ಒಳ ಓಣಿಗಳಲ್ಲಿ ಕಾಣಸಿಗುವುದೇ ಅಪರೂಪ. ನಡೆಯಲು ಹೊರಟವರು ಪ್ರತಿ ಹೆಜ್ಜೆಗೂ ಹಿಂದೆ ನೋಡುತ್ತ, ಹಾರ್ನಿಗೆ ಬೆಚ್ಚುತ್ತ, ಬದಿಗೆ ಸರಿಯುತ್ತ ಸಾಗಬೇಕು. ನಾಲ್ಕು ದಿನ ಹೀಗೆ ನಡೆದವರು ಐದನೆಯ ದಿನ ಮನೆಯಲ್ಲಿಯೇ ಉಳಿಯುತ್ತಾರೆ. ಓಣಿಯನ್ನು ದಿನದ ಗೊತ್ತಾದ ಕೆಲವು ತಾಸು ಹಾದುಹೋಗುವ ವಾಹನಗಳಿಂದ ಬಿಡುಗಡೆ ಮಾಡಿ ನಡೆಯುವವರಿಗೆ, ಆಡುವ ಮಕ್ಕಳಿಗೆ, ಕುಳಿತು ಮಾತನಾಡುವ ಹಿರಿಯರಿಗೆ ಒಪ್ಪಿಸುವ ಪದ್ಧತಿಯೊಂದು ಜಗತ್ತಿನ ಹಲವು ಊರುಗಳಲ್ಲಿ ಇದೆ. ಅದು ಏನು, ದೇಹಕ್ಕೆ ಅದರಿಂದ ಆಗುವ ಹಿತವೇನು, ನಮ್ಮ ಪಟ್ಟಣಗಳಲ್ಲಿ ಅದನ್ನು ಹೇಗೆ ತರಬಹುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಹಾದುಹೋಗುವ ವಾಹನ ಎಂದರೆ ಯಾವುದು?

ಒಂದು ಓಣಿಯಲ್ಲಿ ಓಡಾಡುವ ವಾಹನಗಳಲ್ಲಿ ಎರಡು ಬಗೆ. ಆ ಓಣಿಯ ನಿವಾಸಿಗಳದು, ಅಲ್ಲಿಯ ಮನೆಗೆ ಹಾಲು, ಅಡುಗೆ ಅನಿಲ, ನೆಂಟರನ್ನು ತರುವವು ಒಂದು ಬಗೆ. ಓಣಿಯಲ್ಲಿ ಯಾವ ಕೆಲಸವೂ ಇಲ್ಲದೆ, ಒಂದು ದೊಡ್ಡ ರಸ್ತೆಯಿಂದ ಇನ್ನೊಂದು ದೊಡ್ಡ ರಸ್ತೆಗೆ ಬೇಗನೆ ಸೇರಲು ನಡುವೆ ನುಸುಳುವವು ಎರಡನೆಯ ಬಗೆ. ಇವೇ ಹಾದುಹೋಗುವ ವಾಹನಗಳು. ಮೊದಲನೆಯ ಬಗೆಯವರು ಮನೆ ಹತ್ತಿರ ಬಂದಂತೆ ತಾವಾಗಿಯೇ ವೇಗ ತಗ್ಗಿಸುತ್ತಾರೆ, ಎದುರಿಗೆ ಬರುವವರ ಮುಖಪರಿಚಯ ಅವರಿಗೆ ಇರುತ್ತದೆ. ಎರಡನೆಯವರಿಗೆ ಓಣಿ ಕೇವಲ ಅಡ್ಡದಾರಿ. ಅಂಜಿಕೆಯನ್ನು ಹುಟ್ಟಿಸುವುದು ಹೆಚ್ಚಾಗಿ ಇವರ ವೇಗ. ಇಲ್ಲಿ ಹೇಳುತ್ತಿರುವ ವ್ಯವಸ್ಥೆಯು ನಿಲ್ಲಿಸುವುದು ಈ ಎರಡನೆಯ ಬಗೆಯನ್ನು ಮಾತ್ರ. ಓಣಿಯವರ ವಾಹನ ನಡಿಗೆಯ ವೇಗದಲ್ಲಿ ಬಂದುಹೋಗಲು ಯಾವ ಅಡ್ಡಿಯೂ ಇರುವುದಿಲ್ಲ.

ನಮ್ಮ ನಾಲ್ಕೂ ತಾಲೂಕು ಕೇಂದ್ರಗಳು ಈ ಕೆಲಸಕ್ಕೆ ಅನುಕೂಲವಾದ ಗಾತ್ರದವು. 2011ರ ಜನಗಣತಿಯಂತೆ ಪ್ರತಿಯೊಂದರ ಜನಸಂಖ್ಯೆಯೂ 30 ಸಾವಿರದಿಂದ 40 ಸಾವಿರದೊಳಗೆ ಇತ್ತು. ಪಟ್ಟಣದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಹೋಗಬಹುದು. ಒಂದು ಓಣಿಯನ್ನು ಎರಡು ತಾಸು ಬಿಟ್ಟುಕೊಟ್ಟರೆ ವಾಹನದವರು ಸುತ್ತಬೇಕಾದ ದಾರಿ ಕೆಲವೇ ನಿಮಿಷಗಳದು.

ನಡಿಗೆಯಿಂದ ದೇಹದೊಳಗೆ ಆಗುವುದೇನು?

ನಡೆಯುವಾಗ ತೊಡೆ ಮತ್ತು ಮೀನಖಂಡದ ದೊಡ್ಡ ಸ್ನಾಯುಗಳು ದುಡಿಯುತ್ತವೆ. ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ಮಧುಮೇಹಿಯ ದೇಹದಲ್ಲಿಯೂ ಸ್ನಾಯುವಿನ ಈ ಶಕ್ತಿ ಉಳಿದಿರುತ್ತದೆ. ಆದ್ದರಿಂದಲೇ ಊಟದ ನಂತರ ಹತ್ತು-ಹದಿನೈದು ನಿಮಿಷ ಅಡ್ಡಾಡಿದರೂ ರಕ್ತದ ಸಕ್ಕರೆ ಒಮ್ಮೆಲೇ ಏರುವುದು ತಗ್ಗುತ್ತದೆ. ಚುರುಕಾದ ನಡಿಗೆಯ ಈ ಪ್ರಭಾವ ಸುಮಾರು ಒಂದು ದಿನ ಉಳಿದು ಮತ್ತೆ ಇಳಿಯುತ್ತದೆ. ಹೀಗಾಗಿ ಮಧುಮೇಹಿಗಳು ಸತತ ಎರಡು ದಿನಕ್ಕಿಂತ ಹೆಚ್ಚು ನಡಿಗೆ ತಪ್ಪಿಸಬಾರದೆಂದು ವೈದ್ಯಶಾಸ್ತ್ರ ಹೇಳುತ್ತದೆ. ವಾರಕ್ಕೊಮ್ಮೆ ಬಹಳ ನಡೆದು ಉಳಿದ ದಿನ ಸುಮ್ಮನೆ ಕುಳಿತರೆ ಆಗುವ ಲಾಭ ಅಲ್ಪ.

ನಡಿಗೆಯು ರಕ್ತನಾಳಗಳನ್ನು ಸಡಿಲಗೊಳಿಸಿ ರಕ್ತದೊತ್ತಡವನ್ನು ತಗ್ಗಿಸುತ್ತದೆ. ಎಲುಬಿನ ಮೇಲೆ ಹಿತವಾದ ಭಾರ ಬೀಳುವುದರಿಂದ ಎಲುಬು ಗಟ್ಟಿಯಾಗಿ ಉಳಿಯಲು ನೆರವಾಗುತ್ತದೆ. ಮೊಣಕಾಲಿನ ಸುತ್ತಲಿನ ಸ್ನಾಯು ಬಲಗೊಂಡು ಕೀಲಿನ ಮೇಲಿನ ಹೊರೆ ಇಳಿಯುತ್ತದೆ. ಮುಂಜಾನೆಯ ಬೆಳಕು ಕಣ್ಣಿಗೆ ಬಿದ್ದರೆ ದೇಹದ ನಿದ್ರೆ-ಎಚ್ಚರಗಳ ಲಯ ಸರಿಹೋಗಿ ರಾತ್ರಿಯ ನಿದ್ರೆ ಚೆನ್ನಾಗಿ ಬರುತ್ತದೆ. ಮನಸ್ಸಿಗಾಗುವ ಹಿತವೂ ಕಡಿಮೆಯದಲ್ಲ. ಮಕ್ಕಳು ಪುಣೆ, ಬೆಂಗಳೂರು ಸೇರಿ, ಮನೆಯಲ್ಲಿ ಇಬ್ಬರೇ ಉಳಿದಿರುವ ಹಿರಿಯರಿಗೆ ದಿನಕ್ಕೊಮ್ಮೆ ನಾಲ್ಕು ಮುಖ ಕಂಡು ಮಾತನಾಡುವುದೇ ದೊಡ್ಡ ಆರೈಕೆ.

ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ ಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಆಟ-ಓಟ ಬೇಕು. ಸಾಧಾರಣ ಶ್ರಮವನ್ನು ಗುರುತಿಸಲು ಯಂತ್ರ ಬೇಕಾಗಿಲ್ಲ. ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ಉಸಿರು ಏರಿದರೆ ಸಾಕು.

ಇಷ್ಟನ್ನೂ ಮಾಡದವರು ನಮ್ಮಲ್ಲಿ ಬಹಳ. 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಸಾಕಷ್ಟು ದೈಹಿಕ ಶ್ರಮ ಇರಲಿಲ್ಲ. ಗಂಡಸರಲ್ಲಿ ಈ ಪ್ರಮಾಣ ಶೇ. 42 ಇದ್ದರೆ ಹೆಂಗಸರಲ್ಲಿ ಶೇ. 57. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯು 10.1 ಕೋಟಿ ಭಾರತೀಯರಿಗೆ ಮಧುಮೇಹವಿದೆಯೆಂದೂ, ಇನ್ನೂ 13.6 ಕೋಟಿ ಜನರು ಮಧುಮೇಹದ ಅಂಚಿನಲ್ಲಿದ್ದಾರೆಂದೂ ಅಂದಾಜು ಮಾಡಿತು. ಅಂಚಿನಲ್ಲಿರುವವರಲ್ಲಿ ಅನೇಕರನ್ನು ನಡಿಗೆ ಮತ್ತು ಹಿತಮಿತ ಆಹಾರದಿಂದ ರೋಗಕ್ಕೆ ಬೀಳದಂತೆ ಉಳಿಸಿಕೊಳ್ಳಬಹುದು. ಓಣಿಯ ಪ್ರಶ್ನೆ ಆರೋಗ್ಯದ ಪ್ರಶ್ನೆಯಾಗುವುದು ಇಲ್ಲಿಯೇ.

ಮೈದಾನವಿರುವಾಗ ಓಣಿಯೇ ಏಕೆ?

ಊರ ಹೊರಗೆ ಕಾಲೇಜಿನ ಮೈದಾನವಿದೆಯಲ್ಲ, ಅಲ್ಲಿಗೆ ಹೋಗಬಾರದೇ ಎಂದು ಕೆಲವರು ಕೇಳಬಹುದು. ಬೈಕಿರುವ ಗಂಡಸರು ಹೋಗುತ್ತಾರೆ. ಮನೆಗೆಲಸದ ನಡುವೆ ಅರ್ಧ ತಾಸು ಮಾತ್ರ ಬಿಡುವಿರುವ ಗೃಹಿಣಿ ಮೈದಾನ ತಲುಪುವಷ್ಟರಲ್ಲಿ ಅವಳ ಬಿಡುವು ತೀರಿರುತ್ತದೆ. ನಸುಕಿನಲ್ಲಿ ಒಬ್ಬಳೇ ಊರ ಹೊರಗೆ ಹೋಗಲು ಮನೆಯವರು ಒಪ್ಪುವುದೂ ಕಷ್ಟ. ಮೊಣಕಾಲು ನೋವಿನ ಅಜ್ಜಿಗೆ ದಣಿದಾಗ ಕೂಡಲು ಪರಿಚಯದ ಕಟ್ಟೆ ಬೇಕು. ಚಿಕ್ಕ ಮಕ್ಕಳು ತಾಯಿಯ ಕಣ್ಣಳತೆಯಲ್ಲಿಯೇ ಆಡಬೇಕು. ಈ ಎಲ್ಲರಿಗೂ ನಿಲುಕುವ ಬಯಲು ಒಂದೇ: ಮನೆಯ ಮುಂದಿನ ಓಣಿ.

ಮನೆಗೆಲಸವೇ ವ್ಯಾಯಾಮವಲ್ಲವೇ ಎಂಬ ಮಾತೂ ಇದೆ. ಹಿಂದೆ ಬೀಸುವುದು, ಕುಟ್ಟುವುದು, ಬಾವಿಯಿಂದ ನೀರು ಸೇದುವುದು ಇದ್ದಾಗ ಅದು ನಿಜವಾಗಿತ್ತು. ಈಗಿನ ಅಡುಗೆಮನೆಯಲ್ಲಿ ನಿಂತು ಮಾಡುವ ಕೆಲಸ ದಣಿವು ತರುತ್ತದೆ, ಆದರೆ ಎದೆಯ ಬಡಿತವನ್ನು ಸತತ ಅರ್ಧ ತಾಸು ಏರಿಸಿಡುವುದಿಲ್ಲ. ದಣಿವೂ ವ್ಯಾಯಾಮವೂ ಒಂದೇ ಅಲ್ಲ.

ಮಕ್ಕಳ ವಿಷಯವನ್ನೂ ನೋಡಬೇಕು. ಚಿಣಿಫಣಿ, ಲಗೋರಿ, ಕುಂಟಾಟ ಇವೆಲ್ಲ ಓಣಿಯಲ್ಲಿಯೇ ಬೆಳೆದ ಆಟಗಳು. ಓಣಿ ವಾಹನದ ಪಾಲಾದಂತೆ ಆಟಗಳು ಮನೆಯೊಳಗೆ ಬಂದು ಮೊಬೈಲಿನ ಪರದೆ ಸೇರಿದವು. ಮೊಬೈಲು ಬಿಡು ಎಂದು ಗದರುವ ನಾವು ಅದಕ್ಕೆ ಬದಲಾಗಿ ಮಗುವಿನ ಕೈಗೆ ಏನು ಕೊಟ್ಟಿದ್ದೇವೆಂದು ಯೋಚಿಸಬೇಕು.

ವೇಗ, ಸದ್ದು, ಹೊಗೆ

ಮುಂಜಾನೆ ವಾಹನಗಳೇ ಕಡಿಮೆ, ಆಗ ನಿರ್ಬಂಧವೇಕೆ ಎಂಬ ಸಂಶಯ ಸಹಜ. ದಾರಿ ಖಾಲಿಯಿದ್ದಷ್ಟೂ ಬರುವ ವಾಹನದ ವೇಗ ಹೆಚ್ಚು, ನಸುಕಿನ ಮಬ್ಬಿನಲ್ಲಿ ನಡೆಯುವವರು ಕಾಣಿಸುವುದು ಕಡಿಮೆ. ರಸ್ತೆ ಸುರಕ್ಷತೆಯ ಶಾಸ್ತ್ರದಲ್ಲಿ ವೇಗದ ಲೆಕ್ಕ ಕಠಿಣವಾಗಿದೆ. ವಾಹನಗಳ ಸರಾಸರಿ ವೇಗ ಶೇ. 1ರಷ್ಟು ಏರಿದರೆ ಪ್ರಾಣಾಪಾಯದ ಅಪಘಾತದ ಸಂಭವ ಸುಮಾರು ಶೇ. 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಮಡಿದವರು 1,68,491 ಜನ. ಅವರಲ್ಲಿ 32,825 ಜನರು ಪಾದಚಾರಿಗಳು, ಅಂದರೆ ಸುಮಾರು ಐವರಲ್ಲಿ ಒಬ್ಬರು. ನಡೆಯಲು ಅಂಜುವವರ ಅಂಜಿಕೆ ಸುಳ್ಳಲ್ಲ.

ಸದ್ದಿನ ವಿಷಯದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯನ್ನು ಇಟ್ಟಿವೆ. ಹತ್ತಿರದಲ್ಲಿ ಬಾರಿಸಿದ ಒಂದು ಹಾರ್ನು ಈ ಮಿತಿಯನ್ನು ಬಹುದೂರ ದಾಟುತ್ತದೆ. ಇಂಥ ಸದ್ದಿಗೆ ದೇಹ ಒಳಗಿನಿಂದ ಬೆಚ್ಚುತ್ತದೆ, ಎದೆ ಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಹೊಗೆಯಲ್ಲಿರುವ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ರಕ್ತವನ್ನೂ ಸೇರಬಲ್ಲವು. ಎರಡೂ ಬದಿಗೆ ಗೋಡೆಗಳಿರುವ ಇಕ್ಕಟ್ಟಾದ ಓಣಿಯಲ್ಲಿ ಗಾಳಿಯಾಡದೆ ಹೊಗೆ ಅಲ್ಲಿಯೇ ನಿಲ್ಲುತ್ತದೆ. ನಡೆಯುವವರು ಕುಳಿತವರಿಗಿಂತ ಆಳವಾಗಿ ಉಸಿರಾಡುವುದರಿಂದ ಅವರ ಪಾಲಿಗೆ ಅದು ಹೆಚ್ಚು. ಎರಡು ತಾಸು ವಾಹನ ನಿಂತರೆ ಈ ಮೂರೂ ಒಮ್ಮೆಗೇ ತಗ್ಗುತ್ತವೆ.

ಬೇರೆ ಊರುಗಳ ಅನುಭವ

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ರಾಜಧಾನಿ ಬೊಗೋಟಾದಲ್ಲಿ 1974ರ ಡಿಸೆಂಬರ್ 15ರಂದು ನಾಗರಿಕರು ಕೆಲವು ದೊಡ್ಡ ರಸ್ತೆಗಳನ್ನು ಕೆಲವು ತಾಸು ಸೈಕಲ್ಲು ಮತ್ತು ನಡಿಗೆಗೆ ಬಿಡಿಸಿಕೊಂಡರು. ಇಂದು ಅಲ್ಲಿ ಪ್ರತಿ ರವಿವಾರ ಮತ್ತು ರಜಾದಿನ ಮುಂಜಾನೆ 7ರಿಂದ ಮಧ್ಯಾಹ್ನ 2ರವರೆಗೆ ಸುಮಾರು 120 ಕಿಲೋಮೀಟರ್ ಉದ್ದದ ರಸ್ತೆಗಳು ಜನರ ಪಾಲಾಗುತ್ತವೆ. ಅದೇ ಮಾದರಿಯಲ್ಲಿ ನಮ್ಮ ದೇಶದ ಗುರುಗ್ರಾಮದಲ್ಲಿ 2013ರ ನವೆಂಬರ್ 17ರಂದು ‘ರಾಹಗಿರಿ’ ದಿನ ಆರಂಭವಾಯಿತು. ಕರ್ನಾಟಕದಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯವು ಅದೇ 2013ರಲ್ಲಿ ಬೆಂಗಳೂರಿನಲ್ಲಿ ಸೈಕಲ್ ದಿನವನ್ನು ಆರಂಭಿಸಿತು. ಮುಂದೆ ಬೇರೆ ಬೇರೆ ಬಡಾವಣೆಗಳ ನಿವಾಸಿಗಳು ತಮ್ಮ ರಸ್ತೆಗಳಲ್ಲಿ ಅದನ್ನು ನಡೆಸಿದರು. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ದಸರೆಯ ಸಂದರ್ಭದಲ್ಲಿ ಮುಕ್ತ ರಸ್ತೆ ಉತ್ಸವ ನಡೆದಿದೆ.

ನಮಗೆ ಹೆಚ್ಚು ಪಾಠ ಕಲಿಸುವುದು ಬೆಂಗಳೂರಿನ ಚರ್ಚ್ ಸ್ಟ್ರೀಟ್. 2020ರ ನವೆಂಬರ್ 7ರಿಂದ 2021ರ ಫೆಬ್ರುವರಿಯವರೆಗೆ ವಾರಾಂತ್ಯಗಳಲ್ಲಿ ಆ ರಸ್ತೆಯನ್ನು ವಾಹನಮುಕ್ತಗೊಳಿಸಿ, ಗಾಳಿಯ ಗುಣಮಟ್ಟ ಮತ್ತು ಜನರ ಓಡಾಟವನ್ನು ಅಳೆಯಲಾಯಿತು. ನಡೆದು ಬರುವವರು ಹೆಚ್ಚಿದರು, ಗಾಳಿ ಸುಧಾರಿಸಿತು. ಆದರೆ ಪ್ರಯೋಗದ ಅವಧಿ ಮುಗಿದ ಮೇಲೆ ವಾಹನಗಳು ಮರಳಿದವು. ಮೇಲಿನಿಂದ ಇಳಿದು ಬಂದ ಯೋಜನೆ ಆದೇಶದ ಅವಧಿಯಷ್ಟೇ ಬಾಳುತ್ತದೆ. ಓಣಿಯ ಜನರೇ ತಮ್ಮದೆಂದು ನಡೆಸಿಕೊಂಡು ಹೋಗುವುದು ಮಾತ್ರ ಉಳಿಯುತ್ತದೆ.

ನಡೆಸಿಕೊಂಡು ಹೋಗುವ ಕಲೆ ನಮಗೆ ಹೊಸದಲ್ಲ. ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಬಸವೇಶ್ವರ ಜಾತ್ರೆ ನಡೆದಾಗ, ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ನಡೆದಾಗ ವಾಹನಗಳು ಬೇರೆ ದಾರಿ ಹಿಡಿಯುತ್ತವೆ, ಬೀದಿ ಜನರದಾಗುತ್ತದೆ. ತೇರು ಎಳೆಯುವಾಗ ಅಂಗಡಿಯವರೂ ಬೈಕಿನವರೂ ತಕರಾರು ಮಾಡುವುದಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾವ ದಾರಿ ಬಿಡಬೇಕು ಎಂಬುದು ಊರಿಗೆ ಗೊತ್ತು. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನೂರಾರು ಕಿಲೋಮೀಟರ್ ಪಾದಯಾತ್ರೆ ಮಾಡುವ ನಾಡಿದು. ವರ್ಷಕ್ಕೊಮ್ಮೆ ದೇವರಿಗಾಗಿ ಮಾಡುವ ಏರ್ಪಾಟನ್ನು ದೇವರಿತ್ತ ಈ ಕಾಯದ ರಕ್ಷಣೆಗಾಗಿ ದಿನಕ್ಕೆ ಎರಡು ತಾಸು ಮಾಡಿಕೊಳ್ಳುವುದಷ್ಟೇ ಉಳಿದಿದೆ.

ನಮ್ಮ ಪಟ್ಟಣಗಳಲ್ಲಿ ಆರಂಭಿಸುವುದು ಹೇಗೆ?

ಮೊದಲನೆಯದು ಓಣಿಯ ಆಯ್ಕೆ. ಹೆದ್ದಾರಿ, ಬಸ್ಸು ಸಂಚರಿಸುವ ರಸ್ತೆ, ಆಸ್ಪತ್ರೆಯ ಮುಂದಿನ ರಸ್ತೆಗಳನ್ನು ಮುಟ್ಟಬಾರದು. ವಿಜಯಪುರ-ಕಲಬುರಗಿ ನಡುವಿನ 50ನೇ ರಾಷ್ಟ್ರೀಯ ಹೆದ್ದಾರಿ ಸಿಂದಗಿಯ ಮೂಲಕ ಹಾಯುವುದರಿಂದ ಅಲ್ಲಿ ಒಳ ಓಣಿಗಳನ್ನೇ ಆರಿಸಬೇಕು. ಇಂಡಿ ನಿಂಬೆಯ ನಾಡು, ಅಲ್ಲಿ ರೈತರ ಮಾಲು ಮಾರುಕಟ್ಟೆಗೆ ಬರುವ ದಾರಿಯನ್ನು ಬಿಡಬೇಕು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಸಾಗುವ ರಸ್ತೆಗಳಿಗೂ ಇದೇ ಮಾತು. ಬಸವನ ಬಾಗೇವಾಡಿಯಲ್ಲಿ ಪರಸ್ಥಳದ ಭಕ್ತರ ವಾಹನಗಳಿಗೆ ದೇವಸ್ಥಾನದಿಂದ ತುಸು ದೂರದಲ್ಲಿ ನಿಲುಗಡೆ ಗೊತ್ತುಮಾಡಿದರೆ, ಅಲ್ಲಿಂದ ನಡೆದು ಬರುವುದೇ ದರ್ಶನದ ಒಂದು ಭಾಗವಾಗಬಲ್ಲದು. ಮುದ್ದೇಬಿಹಾಳದಲ್ಲಿಯೂ ಬಜಾರವನ್ನು ಬಿಟ್ಟು ವಸತಿ ಓಣಿಗಳಿಂದಲೇ ಆರಂಭಿಸುವುದು ಲೇಸು. ಒಂದನ್ನೊಂದು ಕೂಡುವ ಮೂರು-ನಾಲ್ಕು ಓಣಿಗಳು ಸೇರಿ ಅರ್ಧ ಕಿಲೋಮೀಟರಿನ ಸುತ್ತು ಆದರೆ ಬಹಳ ಒಳ್ಳೆಯದು. ಆರು ಸುತ್ತಿಗೆ ಮೂರು ಕಿಲೋಮೀಟರ್ ಆಗುತ್ತದೆ.

ಎರಡನೆಯದು ವೇಳೆ. ದೇಹಕ್ಕೆ ಬೇಕಾದುದು ದಿನನಿತ್ಯದ ನಡಿಗೆಯಾದುದರಿಂದ ಮುಂಜಾನೆ ಐದೂವರೆಯಿಂದ ಏಳೂವರೆಯವರೆಗಿನ ಎರಡು ತಾಸು ಸೂಕ್ತ. ಶಾಲೆಯ ವಾಹನ, ಅಂಗಡಿಯ ವ್ಯಾಪಾರ ಆರಂಭವಾಗುವ ಮುನ್ನವೇ ಇದು ಮುಗಿದಿರುತ್ತದೆ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಬೆಳಗಿನ ತಂಪಿನ ಹೊತ್ತನ್ನು ಬಿಟ್ಟರೆ ಬೇರೆ ಹೊತ್ತು ಸಿಗುವುದು ಕಷ್ಟ. ರವಿವಾರ ಸಂಜೆ ಮಕ್ಕಳ ಆಟಕ್ಕೆಂದು ಇನ್ನೆರಡು ತಾಸು ಸೇರಿಸಬಹುದು.

ಮೂರನೆಯದು ಅನುಮತಿ. ಓಣಿಯ ಜನರು ತಾವೇ ರಸ್ತೆ ಕಟ್ಟುವುದು ಕಾನೂನಿಗೆ ವಿರುದ್ಧ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮು ಸಾರ್ವಜನಿಕರ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ಗೊತ್ತಾದ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ಅಧಿಕಾರ ಕೊಟ್ಟವರಿಗೂ ನೀಡಿದೆ. ನಿರ್ಬಂಧ ಒಂದು ತಿಂಗಳಿಗೆ ಮೀರದಿದ್ದರೆ ರಾಜ್ಯಪತ್ರದ ಅಧಿಸೂಚನೆಯೂ ಬೇಕಾಗಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು ಎಂದು ಅದೇ ಕಲಮು ಹೇಳುತ್ತದೆ. ಆದ್ದರಿಂದ ಮೊದಲು ಒಂದು ತಿಂಗಳ ಪ್ರಯೋಗಕ್ಕಾಗಿ ಓಣಿಯವರ ಸಹಿಗಳೊಡನೆ ಪೌರಸಂಸ್ಥೆಯ ಮುಖ್ಯಾಧಿಕಾರಿಗಳಿಗೂ ಪೊಲೀಸ್ ಠಾಣೆಗೂ ಮನವಿ ಕೊಟ್ಟು, ಅವರ ಮೂಲಕ ಜಿಲ್ಲಾಡಳಿತದ ಒಪ್ಪಿಗೆ ಪಡೆಯುವುದು ಸರಿಯಾದ ದಾರಿ.

ನಾಲ್ಕನೆಯದು ತಡೆ. ಕಲ್ಲು, ಹಗ್ಗ, ತಂತಿ, ಸರಪಳಿಗಳನ್ನು ಎಂದಿಗೂ ಬಳಸಬಾರದು. ಮಬ್ಬಿನಲ್ಲಿ ಅವು ಬೈಕ್ ಸವಾರರ ಪ್ರಾಣಕ್ಕೆ ಎರವಾಗಬಲ್ಲವು. ದೂರದಿಂದಲೇ ಹೊಳೆದು ಕಾಣುವ, ಒಬ್ಬರೇ ಸರಿಸಬಹುದಾದ ಹಗುರ ತಡೆಗಳು ಮತ್ತು ಪ್ರತಿ ಬಾಯಿಯಲ್ಲಿ ಇಬ್ಬರು ಸ್ವಯಂಸೇವಕರು ಇರಬೇಕು. 108ರ ಆಂಬುಲೆನ್ಸ್, ಅಗ್ನಿಶಾಮಕ ವಾಹನ ಬಂದರೆ ಅರೆಕ್ಷಣದಲ್ಲಿ ದಾರಿ ತೆರೆಯಬೇಕು. ಗರ್ಭಿಣಿಯರು, ರೋಗಿಗಳು, ಅಂಗವಿಕಲರನ್ನು ಕರೆದೊಯ್ಯುವ ವಾಹನಗಳನ್ನು ಪ್ರಶ್ನಿಸದೆ ಬಿಡಬೇಕು.

ಆಕ್ಷೇಪಗಳು ಮತ್ತು ಒಂದು ಎಚ್ಚರ

ವ್ಯಾಪಾರ ಕೆಡುತ್ತದೆ ಎಂಬುದು ಅಂಗಡಿಯವರ ಅಂಜಿಕೆ. ಮುಂಜಾನೆಯ ಈ ವೇಳೆಯಲ್ಲಿ ತೆರೆದಿರುವುದು ಚಹಾ, ಹಾಲು, ಹೂವು, ಕಾಯಿಪಲ್ಯದ ಅಂಗಡಿಗಳು. ಅವುಗಳ ಗಿರಾಕಿಗಳು ನಡೆದೇ ಬರುವವರು, ನಡೆಯುವವರು ಹೆಚ್ಚಿದರೆ ಅವರಿಗೆ ಲಾಭವೇ. ತಳ್ಳುಗಾಡಿಯವರನ್ನು ಹೊರಗಿಡದೆ, ದಾರಿಗೆ ಅಡ್ಡವಾಗದಂತೆ ಒಂದು ಬದಿಗೆ ಅವರಿಗೂ ಸ್ಥಳ ಕೊಡಬೇಕು.

ಮತ್ತೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಒಂದು ಓಣಿಯಿಂದ ಹೊರಹಾಕಿದ ವಾಹನಗಳು ಪಕ್ಕದ ಓಣಿಗೆ ನುಗ್ಗುತ್ತವೆ. ಅನುಕೂಲಸ್ಥರ ಬಡಾವಣೆಯಲ್ಲಿ ತಡೆ ಹಾಕಿ, ಹೊಗೆ-ಸದ್ದುಗಳನ್ನು ಬಡವರ ಕೇರಿಗೆ ತಳ್ಳಿದರೆ ಅದು ಆರೋಗ್ಯದ ಕಾರ್ಯವಾಗದೆ ಅನ್ಯಾಯವಾಗುತ್ತದೆ. ಶರಣರ ಹೆಸರು ಹೇಳುವವರು ಇದಕ್ಕೆ ಎಡೆಗೊಡಬಾರದು. ಹೊರಹೋಗುವ ವಾಹನಗಳು ದೊಡ್ಡ ರಸ್ತೆಯನ್ನೇ ಹಿಡಿಯುವಂತೆ ಸುತ್ತನ್ನು ಗೊತ್ತುಮಾಡಬೇಕು. ಮನೆಗಳು ಇಕ್ಕಟ್ಟಾಗಿ, ಅಂಗಳವೇ ಇಲ್ಲದ ಕೇರಿಗಳಿಗೆ ಈ ವ್ಯವಸ್ಥೆ ಮೊದಲು ತಲುಪಬೇಕು. ಅಲ್ಲಿಯ ಮಕ್ಕಳಿಗೆ ಓಣಿಯ ಹೊರತು ಬೇರೆ ಅಂಗಳವಿಲ್ಲ. ಜಾತಿ, ಮತ, ಓಣಿಯ ಹೆಸರು ಕೇಳದೆ ಯಾರು ಬಂದರೂ ನಡೆಯಬಹುದಾದ ಬೀದಿಯೇ ಆರೋಗ್ಯಕರ ಬೀದಿ.

ನಡೆಯುವವರಿಗೆ ಕೆಲವು ಸೂಚನೆಗಳು

ಮಧುಮೇಹಿಗಳು ಬರಿಗಾಲಲ್ಲಿ ನಡೆಯಬಾರದು. ದೇವಸ್ಥಾನಕ್ಕೆ ಬರಿಗಾಲಲ್ಲಿ ಹೋಗುವ ರೂಢಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ರೋಗ ಹಳೆಯದಾದಂತೆ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ಮುಳ್ಳು ಚುಚ್ಚಿದರೂ ಡಾಂಬರು ಸುಟ್ಟರೂ ತಿಳಿಯದೆ ಗಾಯ ಬೆಳೆಯುತ್ತದೆ. ಮೆತ್ತನೆಯ, ಅಳತೆಗೆ ಸರಿಯಾದ ಪಾದರಕ್ಷೆ ಧರಿಸಿ, ಮನೆಗೆ ಬಂದ ಮೇಲೆ ಪಾದದ ಅಡಿಯನ್ನೂ ಬೆರಳುಗಳ ಸಂದನ್ನೂ ನೋಡಿಕೊಳ್ಳಬೇಕು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಎಷ್ಟು ನಡೆಯಬಹುದೆಂದು ವೈದ್ಯರನ್ನು ಕೇಳಿಕೊಳ್ಳಬೇಕು. ಜೇಬಿನಲ್ಲಿ ಅಥವಾ ಸೆರಗಿನಲ್ಲಿ ತುಸು ಬೆಲ್ಲವೋ ಸಕ್ಕರೆಯೋ ಇರಲಿ. ನಡುಕ, ಬೆವರು, ಕಣ್ಣು ಮಂಜಾಗುವುದು ಕಂಡರೆ ಅದನ್ನು ತಿಂದು ಕೂತುಕೊಳ್ಳಬೇಕು. ಎದೆನೋವು, ಎದೆ ಬಿಗಿತ, ಎಡಗೈ ಅಥವಾ ದವಡೆಯ ನೋವು, ಅತಿಯಾದ ಏದುಸಿರು ಬಂದರೆ ಅಲ್ಲಿಯೇ ನಿಂತು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಹುಕಾಲ ನಡೆಯದವರು ಮೊದಲ ವಾರ ಹತ್ತು ನಿಮಿಷದಿಂದ ಆರಂಭಿಸಿ ವಾರವಾರವೂ ಐದೈದು ನಿಮಿಷ ಏರಿಸಲಿ. ನಸುಕಿನಲ್ಲಿ ತಿಳಿಬಣ್ಣದ ಬಟ್ಟೆ ಧರಿಸಲಿ.

ಮಠದ ಭಕ್ತರು ಮಾಡಬಹುದಾದದ್ದು

ಈ ಕಾರ್ಯಕ್ಕೆ ಬೇಕಾದ ಧನ ಅತ್ಯಲ್ಪ, ಬೇಕಾದದ್ದು ನಂಬಿಗೆ ಮತ್ತು ನಿಯಮ. ಅವೆರಡೂ ಮಠದ ಬಳಗದಲ್ಲಿವೆ. ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಒಮ್ಮೆ ಈ ವಿಷಯವನ್ನು ಚರ್ಚೆಗೆ ಇಡಬಹುದು. ಅಕ್ಕನ ಬಳಗದ ತಾಯಂದಿರು ಮುಂದೆ ನಿಂತರೆ ಓಣಿಯ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಹೊರಬರುತ್ತಾರೆ. ಗುಂಪಾಗಿ ನಡೆಯುವವರು ನಡಿಗೆಯನ್ನು ನಡುವೆ ಬಿಡುವುದು ಕಡಿಮೆ. ಒಬ್ಬರು ಬರದಿದ್ದರೆ ಇನ್ನೊಬ್ಬರು ಬಾಗಿಲು ತಟ್ಟುತ್ತಾರೆ. ಯುವಕರು ಸರದಿಯಂತೆ ವಾರಕ್ಕೆ ಒಂದು ದಿನ ಓಣಿಯ ಬಾಯಲ್ಲಿ ಎರಡು ತಾಸು ನಿಂತರೆ ಅದೂ ಒಂದು ದಾಸೋಹ. ಅನ್ನವನ್ನು ನೀಡುವಂತೆಯೇ ಸುರಕ್ಷಿತವಾದ ದಾರಿಯನ್ನೂ ನೀಡಬಹುದು. ತಿಂಗಳ ಆರಂಭದಲ್ಲಿ ಮತ್ತು ಮೂರು ತಿಂಗಳ ನಂತರ ನಡೆಯುವವರ ರಕ್ತದೊತ್ತಡ, ಸಕ್ಕರೆ, ತೂಕಗಳನ್ನು ಬರೆದಿಟ್ಟರೆ ಅಧಿಕಾರಿಗಳ ಮುಂದೆ ಅದಕ್ಕಿಂತ ದೊಡ್ಡ ಮನವಿ ಬೇಕಾಗಿಲ್ಲ.

ಕಾಯಕ ನಡೆಯಬೇಕಾದರೆ ಕಾಯ ಗಟ್ಟಿಯಿರಬೇಕು. ಹಾಸಿಗೆ ಹಿಡಿದ ಮೇಲೆ ಮಾಡುವ ವೆಚ್ಚದಲ್ಲಿ ಮನೆಗಳು ಕರಗಿಹೋಗುವುದನ್ನು ನಾವೆಲ್ಲ ಕಾಣುತ್ತಿದ್ದೇವೆ. ಆ ವೆಚ್ಚದ ಬಹುಪಾಲನ್ನು ತಡೆಯಬಲ್ಲ ಔಷಧ ಮನೆಯ ಹೊಸ್ತಿಲಿನಾಚೆಯೇ ಇದೆ. ಇಷ್ಟಲಿಂಗ ಪೂಜೆ ಮುಗಿಸಿ ಹೊರಬಂದ ತಾಯಿಯೊಬ್ಬಳು ಹಿಂದೆ ತಿರುಗಿ ನೋಡದೆ ತನ್ನ ಓಣಿಯಲ್ಲಿ ಅರ್ಧ ತಾಸು ನಡೆದು ಬರುವಂತಾಗಬೇಕು. ಸದ್ಭಕ್ತರು ಮೊದಲು ಒಂದು ಪಟ್ಟಣದ ಒಂದು ಓಣಿಯಲ್ಲಿ ಒಂದು ತಿಂಗಳು ಇದನ್ನು ನಡೆಸಿ ನೋಡಲಿ, ಅದರ ಫಲವನ್ನು ನೆರೆಯ ಓಣಿಗೆ ತಿಳಿಸಲಿ.